ಟವಿ ಕಣಿವೆಯ ಒಂದು ಮನೆತನ ಮತ್ತು ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಉಚಿತ ದಾಖಲೆಗಳು

ನನ್ನ ಸೊಸೆಯ ತವರು ವೇಲ್ಸ್‌ನ ಕಾರ್ಮಾರ್ಥನ್‌ಶೈರ್. ಅವಳ ಅಜ್ಜಿಯ ಕಡೆಯವರು ಟವಿ ನದಿಯ ಕಣಿವೆಯಲ್ಲಿ, ಲಾನ್‌ಡೈಲೋ ಪೇಟೆಯ ಆಸುಪಾಸಿನಲ್ಲಿ, ತಲೆತಲಾಂತರದಿಂದ ಬೇಸಾಯದ ಜೊತೆಗೆ ಮಾಂಸದಂಗಡಿಯನ್ನೂ ನಡೆಸಿಕೊಂಡು ಬಂದವರು. (ಕಟುಕ ಎಂಬ ಪದಕ್ಕೆ ನಮ್ಮಲ್ಲಿ ಅಂಟಿಕೊಂಡಿರುವ ಕ್ರೂರಿ ಎಂಬ ಅರ್ಥ ಆ ಕಸುಬಿಗೆ ಅನ್ಯಾಯ ಮಾಡುತ್ತದೆ; ಹಾಗಾಗಿ ಮಾಂಸದಂಗಡಿಯವರು ಎಂದೇ ಬರೆಯುತ್ತೇನೆ.) ಕಳೆದ ಆಟಿ ತಿಂಗಳಲ್ಲಿ ಮಗ ಸೊಸೆ ಮಂಗಳೂರಿಗೆ ಬಂದಿದ್ದರು. ಹೊರಗೆ ಕಾಲಿಡಲಾಗದ ಮಳೆಯಿದ್ದುದರಿಂದ ಬಿಜೈಯ ನಮ್ಮ ಮನೆಯಲ್ಲಿ ಕುಳಿತು ಆ ಮನೆತನದ ಮೂಲ ಹುಡುಕತೊಡಗಿದೆವು. ಅದಕ್ಕಾಗಿ ಬಳಸಿದ ಎರಡು ಸೇವೆಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ವರ್ಷದ ಚಂದಾ ಕಟ್ಟಿ ಬಳಸುವ ಒಂದು ವಂಶವೃಕ್ಷದ ತಾಣ. ಹೆಸರು, ಹುಟ್ಟಿದ ವರ್ಷ ಕೊಟ್ಟರೆ ಸಾಕು, ತಾನಾಗಿಯೇ ಪೂರ್ವಜರನ್ನು ಸೂಚಿಸುತ್ತ ಹೋಗುತ್ತದೆ. ಒಂದೇ ಸಂಜೆಯಲ್ಲಿ ನಾಲ್ಕು ತಲೆಮಾರು ಸಿಕ್ಕಿದಾಗ ನಮಗೆಲ್ಲ ಬಹಳ ಸಂತೋಷವಾಗಿತ್ತು. ಆದರೆ 1851ರ ಜನಗಣತಿಯ ಹಾಳೆಯನ್ನು ತೆರೆದು ನೋಡಿದಾಗ, ಅದು ಪೂರ್ವಜನೆಂದು ತೋರಿಸಿದ್ದ ಡೇವಿಸ್ ಎಂಬಾತ ಹುಟ್ಟಿದ್ದು ಕಾರ್ಮಾರ್ಥನ್‌ಶೈರ್‌ನಲ್ಲಲ್ಲ, ಗ್ಲಾಮೋರ್ಗನ್‌ನಲ್ಲಿ ಎಂಬುದು ಗೊತ್ತಾಯಿತು. 1841ರ ಗಣತಿ ವಾಸವಿದ್ದ ಕೌಂಟಿಯಲ್ಲೇ, ಅಂದರೆ ಜಿಲ್ಲೆಯಲ್ಲೇ, ಹುಟ್ಟಿದವರೋ ಅಲ್ಲವೋ ಎಂದಷ್ಟೇ ಹೇಳುತ್ತದೆ. ಹುಟ್ಟಿದ ಪ್ಯಾರಿಷ್‌ನ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ) ಹೆಸರು ಬರುವುದು 1851ರಿಂದ. ನಾವು ಮೂರು ದಿನ ಬರೆದುಕೊಂಡಿದ್ದೆಲ್ಲ ಬೇರೆ ಯಾರದೋ ಮನೆತನದ ಕಥೆಯಾಗಿತ್ತು.

ಈ ತಪ್ಪಿನ ಬೇರು ವೇಲ್ಸ್‌ನ ಹೆಸರಿಡುವ ಪದ್ಧತಿಯಲ್ಲಿದೆ. ಅಲ್ಲಿ ಹಿಂದೆ ಮನೆಹೆಸರೇ ಇರಲಿಲ್ಲ. ತಂದೆಯ ಹೆಸರಿನ ಮೊದಲು ಮಗ ಎಂಬ ಅರ್ಥದ ‘ಆಪ್’ ಸೇರಿಸುತ್ತಿದ್ದರು. ಆಪ್ ಹೌವೆಲ್ ಮುಂದೆ ಪೊವೆಲ್ ಆಯಿತು, ಆಪ್ ರೀಸ್ ಪ್ರೈಸ್ ಆಯಿತು, ದಾವಿದ್‌ನ ಮಕ್ಕಳು ಡೇವಿಸ್ ಆದರು. ಹೀಗೆ ಇಡೀ ನಾಡಿಗೆ ಕೆಲವೇ ಮನೆಹೆಸರುಗಳು ಉಳಿದುದರಿಂದ ಜನ ಒಬ್ಬರನ್ನೊಬ್ಬರು ಕಸುಬಿನಿಂದಲೋ ಒಕ್ಕಲು ಮನೆಯ ಹೆಸರಿನಿಂದಲೋ ಗುರುತಿಸತೊಡಗಿದರು. ತುಳುನಾಡಿನಲ್ಲಿ ಶೆಟ್ಟಿ ಎಂದರೆ ಸಾಲದು, ಯಾವ ಗುತ್ತಿನವರು ಎಂದು ಕೇಳುತ್ತೇವಲ್ಲ, ಅಲ್ಲಿಯೂ ಹಾಗೆಯೇ. ಸೊಸೆಯ ಅಜ್ಜಿಯ ಬೈಬಲ್‌ನ ಮೊದಲ ಪುಟದಲ್ಲಿ ‘ಹೆಂದ್ರೆ’ ಎಂದು ಬರೆದಿತ್ತು. ಬೇಸಿಗೆಯಲ್ಲಿ ದನಕರುಗಳೊಡನೆ ಗುಡ್ಡ ಹತ್ತಿ ತಂಗುವ ಮನೆ ಹಾವೊಡ್. ಚಳಿಗಾಲಕ್ಕೆ ಹಿಂದಿರುಗುವ ಹಳೆಯ ಮನೆ ಹೆಂದ್ರೆ. ಮನುಷ್ಯರನ್ನು ಬಿಟ್ಟು ಆ ಮನೆಯನ್ನೇ ಹುಡುಕೋಣ ಎಂದು ನಾನು ಹೇಳಿದೆ.

ಆಗ ನೆರವಿಗೆ ಬಂದದ್ದು ಅಬರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ. 1907ರಲ್ಲಿ ರಾಜಸನದಿನಿಂದ ಸ್ಥಾಪನೆಯಾದ ಈ ಸಂಸ್ಥೆ ತನ್ನ ‘ಪ್ಲೇಸಸ್ ಆಫ್ ವೇಲ್ಸ್’ ತಾಣದಲ್ಲಿ ದಶಮಾಂಶ ತೆರಿಗೆಯ ನಕ್ಷೆಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಇಟ್ಟಿದೆ. ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು 1836ರ ಕಾಯ್ದೆ ಹಣದ ಪಾವತಿಗೆ ಬದಲಾಯಿಸಿತು. ಅದಕ್ಕಾಗಿ ಪ್ಯಾರಿಷ್‌ಗಳ ಹೊಲಗಳನ್ನು ಅಳೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಒಡೆಯ ಯಾರು, ಸಾಗುವಳಿದಾರ ಯಾರು, ಹೊಲದ ಹೆಸರೇನು, ಉಳುಮೆಯದೋ ಹುಲ್ಲಿನದೋ, ವಿಸ್ತೀರ್ಣ ಎಷ್ಟು ಎಂದು ಪಟ್ಟಿ ಮಾಡಿದರು. ತಾಲೂಕು ಕಚೇರಿಯ ಭೂದಾಖಲೆ ವಿಭಾಗದಲ್ಲಿ ಮೂವತ್ತು ವರ್ಷ ಅಡಂಗಲ್ (ಹೊಲ, ಬೆಳೆಗಳ ಸರಕಾರಿ ದಾಖಲೆ) ಓದಿದ ನನಗೆ ಆ ಪುಟ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂಲಗೇಣಿ, ಚಾಲಗೇಣಿಯ ಕಾಲದ ನಮ್ಮ ಲೆಕ್ಕಪತ್ರಗಳಲ್ಲಿ ಧಣಿ ಒಂದು ಕಡೆ, ಒಕ್ಕಲು ಇನ್ನೊಂದು ಕಡೆ ಇರುವಂತೆ ಅಲ್ಲಿಯೂ ಡೇವಿಸ್ ಎಂಬ ಹೆಸರು ಸಾಗುವಳಿದಾರರ ಕಾಲಮಿನಲ್ಲೇ ಇತ್ತು.

ನಕ್ಷೆಯ ಮೇಲೆ ಬೆರಳಿಟ್ಟು ಸೊಸೆ ಹೊಲಗಳ ಹೆಸರು ಓದತೊಡಗಿದಳು. ಕೈ ಎಂದರೆ ಹೊಲ, ದೋಲ್ ಎಂದರೆ ನದಿಯ ಬದಿಯ ಹುಲ್ಲುಗಾವಲು. ‘ಕೈ ದಾನ್ ಟೀ’ ಎಂಬಲ್ಲಿ ನಿಂತು, “ಮಾವ, ಇದು ಮನೆಯ ಕೆಳಗಿನ ಹೊಲ” ಎಂದಳು. ನಮ್ಮ ಬೈಲು, ಮಜಲು, ಬೆಟ್ಟುಗಳ ಹಾಗೆ ಹೆಸರಿನಲ್ಲೇ ನೆಲದ ಸ್ವಭಾವವಿತ್ತು. ಹಳೆಯ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹೊಂದಿಸಿ ನೋಡುವ ಸೌಲಭ್ಯ ಇರುವುದರಿಂದ ಆ ಹೊಲದ ಬೇಲಿ ಈಗಲೂ ಅದೇ ತಿರುವಿನಲ್ಲಿ ಸಾಗುವುದು ಕಾಣಿಸಿತು.

ಪ್ಯಾರಿಷ್ ಖಚಿತವಾದ ಮೇಲೆ ಜನಗಣತಿಯೂ ದಾರಿಗೆ ಬಂತು. ಅದರ ಹಾಳೆಗಳಿಗಾಗಿ ಚಂದಾ ತಾಣವೇ ಬೇಕಾಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. 1851ರಲ್ಲಿ ರೈತರು ತಮ್ಮ ಎಕರೆಯನ್ನೂ ಕೆಲಸದಾಳುಗಳ ಸಂಖ್ಯೆಯನ್ನೂ ಬರೆಸಬೇಕಿತ್ತು. ಹೆಂದ್ರೆಯ ಯಜಮಾನನ ಎದುರು ಮಾಂಸದಂಗಡಿಯವನು ಮತ್ತು 38 ಎಕರೆಯ ರೈತ ಎಂದಿತ್ತು. ಇವು ಎರಡು ಬೇರೆ ಕಸುಬುಗಳಲ್ಲ. ಶೀತಲಪೆಟ್ಟಿಗೆ ಇಲ್ಲದ ಕಾಲದಲ್ಲಿ ಮಾಂಸವನ್ನು ಕೂಡಿಡಲಾಗದು. ಸಂತೆಯಲ್ಲಿ ಕೊಂಡ ಕುರಿ, ದನಗಳನ್ನು ಗಿರಾಕಿ ಬರುವ ದಿನದವರೆಗೆ ಮೇಯಿಸಿಕೊಂಡಿರಲು ಪೇಟೆಯ ಹತ್ತಿರ ಸ್ವಲ್ಪ ಹುಲ್ಲು ಬೇಕೇ ಬೇಕು. ಮೇಲಿನ ದರ್ಜೆಯ ದನಗಳನ್ನು ರೈಲು ಬರುವ ಮೊದಲು ಕಾಲಿಗೆ ಲಾಳ ಕಟ್ಟಿ ಇಂಗ್ಲೆಂಡಿಗೆ ನಡೆಸಿಕೊಂಡೇ ಹೋಗುತ್ತಿದ್ದರು. ಅದೇ ಕಣಿವೆಯ ಲಾಂಡೊವರಿಯಲ್ಲಿ 1799ರಲ್ಲಿ ಬ್ಯಾಂಕ್ ತೆರೆದವನೂ ದನದ ವ್ಯಾಪಾರಿಯೇ. ಆ ಬ್ಯಾಂಕನ್ನು ಜನ ಕಪ್ಪು ಎತ್ತಿನ ಬ್ಯಾಂಕ್ ಎನ್ನುತ್ತಿದ್ದರು.

ಗ್ರಂಥಾಲಯದ ಪತ್ರಿಕಾ ಸಂಗ್ರಹವೂ ಉಚಿತ. 1919ರವರೆಗಿನ 11 ಲಕ್ಷಕ್ಕೂ ಹೆಚ್ಚು ಪುಟಗಳಿವೆ. ವೆಲ್ಷ್ ಭಾಷೆಯ ಪತ್ರಿಕೆಗಳೂ ಇರುವುದರಿಂದ ಮಾಂಸದಂಗಡಿಯವರಿಗೆ ಆ ಭಾಷೆಯಲ್ಲಿರುವ ‘ಕಿಗಿದ್’ ಎಂಬ ಪದವನ್ನೂ ಹಾಕಿ ಹುಡುಕಬೇಕು. ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು 1858ಕ್ಕೂ ಹಿಂದಿನ ಉಯಿಲುಗಳು. 1,90,000ಕ್ಕೂ ಹೆಚ್ಚು ಉಯಿಲುಗಳ ಚಿತ್ರಗಳು ಅಲ್ಲಿವೆ. ನಮಗೆ ಸಿಕ್ಕಿದ ಒಂದರಲ್ಲಿ ಹಿರಿಮಗನಿಗೆ ಅಂಗಡಿಯ ತಕ್ಕಡಿ ಮತ್ತು ಕತ್ತಿಗಳು, ಹೆಂಡತಿಗೆ ಎರಡು ಹಸು. ಕೆಳಗೆ ಹೆಸರಿನ ನಡುವೆ, ನಮ್ಮ ಹೆಬ್ಬೆಟ್ಟಿನ ಸ್ಥಾನದಲ್ಲಿ, ನಡುಗುವ ಕೈಯಿಂದ ಎಳೆದ ಒಂದು ಅಡ್ಡಗೀಟು. ಸೊಸೆ ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ವೇಲ್ಸ್‌ನ ಸಂಬಂಧ ಹುಡುಕುವವರು ಇದ್ದರೆ, ಚಂದಾ ಕಟ್ಟುವ ಮೊದಲು ಒಕ್ಕಲು ಮನೆಯ ಹೆಸರನ್ನೂ ಪ್ಯಾರಿಷ್‌ನ ಹೆಸರನ್ನೂ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡು ಈ ಗ್ರಂಥಾಲಯದ ನಕ್ಷೆಯಿಂದಲೇ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ. ಹೆಂದ್ರೆಯ ನಕ್ಷೆಯ ಅಚ್ಚುಪ್ರತಿಯೊಂದನ್ನು ಸೊಸೆ ತನ್ನೊಡನೆ ಒಯ್ದಿದ್ದಾಳೆ. ಇನ್ನೊಂದು ನಮ್ಮ ಚಾವಡಿಯ ಗೋಡೆಯಲ್ಲಿದೆ.