ಗಂಗಾವತಿಯ ಲೆಕ್ಕದ ಟೇಬಲ್ಲಿಗೆ ಬಿಟ್‌ವಾರ್ಡನ್: ಬಹುಕಾಲ ಬಳಸಿದ ಮೇಲೆ

ಜಿಎಸ್‌ಟಿ, ಇ-ವೇ ಬಿಲ್, ಇನ್‌ಕಮ್ ಟ್ಯಾಕ್ಸ್, ಬ್ಯಾಂಕು ಎಲ್ಲದಕ್ಕೂ ಮಿಲ್ಲಿನ ಹೆಸರಿಗೆ 123 ಹಚ್ಚಿದ ಒಂದೇ ಪಾಸ್‌ವರ್ಡ್. ಗಂಗಾವತಿಯ ರೈಸ್‌ಮಿಲ್ ಆಫೀಸುಗಳಲ್ಲಿ ಇದು ಮಾಮೂಲು. ಒಂದು ಕಡೆ ಸೋರಿದರೆ ಎಲ್ಲವೂ ಹೋಯಿತು. ಈ ರೋಗಕ್ಕೆ, ಎಲ್ಲ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಟ್ಟುಕೊಳ್ಳುವ ಬಿಟ್‌ವಾರ್ಡನ್ ಆ್ಯಪ್ ಸರಿಯಾದ ಮದ್ದು. ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಎಷ್ಟು ಫೋನು-ಕಂಪ್ಯೂಟರಿನಲ್ಲಾದರೂ ಬಳಸಬಹುದು.

ಎಲ್ಲವನ್ನೂ ಒಂದೇ ಕಡೆ ಇಡುವ ಅಂಜಿಕೆ ಸುಳ್ಳಲ್ಲ. 2022ರಲ್ಲಿ ಇಂಥದೇ ಇನ್ನೊಂದು ಆ್ಯಪ್ ಆದ ಲಾಸ್ಟ್‌ಪಾಸ್ ಗ್ರಾಹಕರ ವಾಲ್ಟ್‌ಗಳ (ಪಾಸ್‌ವರ್ಡ್ ಇಡುವ ಪೆಟ್ಟಿಗೆಗಳ) ಬ್ಯಾಕಪ್ಪೇ ಕಳವಾಯಿತು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ (ಗುಪ್ತಲಿಪಿ) ಆಗಿದ್ದವು, ವೆಬ್‌ಸೈಟ್ ವಿಳಾಸಗಳು ಆಗಿರಲಿಲ್ಲ. ಅಂಥ ಕಳವಿನ ನಂತರ ಕಾಯುವುದು ವಾಲ್ಟ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಒಂದೇ. ಬಿಟ್‌ವಾರ್ಡನ್ ವಿಳಾಸಗಳನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ, ನಿಜ. ಆದರೂ ಮಾಸ್ಟರ್ ಸಡಿಲವಿದ್ದರೆ ಉಪಯೋಗವಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಗಾದೆ, ದೇವರ ಹೆಸರು, ಲಾರಿ ನಂಬರು ಬೇಡ. ಮರೆತರೆ ಕಂಪನಿಯವರೂ ತೆಗೆದುಕೊಡಲಾರರು. ಹಾಗಾಗಿ ಅದನ್ನೂ, ಎರಡು ಹಂತದ ಲಾಗಿನ್ನಿನ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ) ರಿಕವರಿ ಕೋಡನ್ನೂ ಕಾಗದಕ್ಕೆ ಬರೆದು ತಿಜೋರಿಯಲ್ಲಿಡಿ. ಕಳ್ಳರಿಗಿಂತ ಹೆಚ್ಚು ಹೆದರಬೇಕಾದದ್ದು ನಮ್ಮ ಮರೆವಿಗೆ.

ನಮ್ಮ ಕಡೆಯವರಿಗೆ ಮೊದಲು ತಲೆನೋವಾಗುವುದು ರಾಜ್ಯ ಸರ್ಕಾರದ ಸೈಟುಗಳು. ಸೇವಾಸಿಂಧು, ಭೂಮಿ, ಫ್ರೂಟ್ಸ್ ಎಲ್ಲವೂ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಅಡಿಯಲ್ಲೇ ಇರುವುದರಿಂದ ಒಂದು ತೆರೆದರೆ ಎಲ್ಲದರ ಲಾಗಿನ್ನೂ ಸಾಲಾಗಿ ಬರುತ್ತವೆ. ಆಯಾ ಎಂಟ್ರಿಯನ್ನು ಎಡಿಟ್ ಮಾಡಿ, ವಿಳಾಸದ ಪಕ್ಕದ ಮ್ಯಾಚ್ ಡಿಟೆಕ್ಷನ್‌ನಲ್ಲಿ 'ಬೇಸ್ ಡೊಮೇನ್' ಬದಲು 'ಹೋಸ್ಟ್' ಆರಿಸಿ, ಗೊಂದಲ ತೀರುತ್ತದೆ. ಇ-ವೇ ಬಿಲ್ ವಿಳಾಸ ಜಿಎಸ್‌ಟಿಗಿಂತ ಬೇರೆಯೇ, ಅದಕ್ಕೆ ಪ್ರತ್ಯೇಕ ಎಂಟ್ರಿ ಬೇಕು. ಗೊತ್ತಿರುವ ಸೈಟಿನಲ್ಲಿ ಇದ್ದಕ್ಕಿದ್ದಂತೆ ಆಟೋಫಿಲ್ (ಉಳಿಸಿದ ವಿಳಾಸ ಹೊಂದಿದರೆ ಪಾಸ್‌ವರ್ಡ್ ತುಂಬಿಕೊಡುವುದು) ಬರದಿದ್ದರೆ ಕೈಯಿಂದ ಹಾಕುವ ಮೊದಲು ವಿಳಾಸ ಓದಿ. ನಕಲಿ ಪುಟವನ್ನು ಇದು ಹೀಗೇ ಹಿಡಿದುಕೊಡುವುದು. ನನ್ನ ಲೆಕ್ಕದಲ್ಲಿ ಇದರ ದೊಡ್ಡ ಗುಣ ಇದೇ.

ಕೆಲವು ಬ್ಯಾಂಕ್ ಪುಟಗಳು ಪೇಸ್ಟ್ ಮಾಡಲು ಬಿಡುವುದಿಲ್ಲ, ಅಲ್ಲಿ ನೋಡಿಕೊಂಡೇ ಟೈಪ್ ಮಾಡಬೇಕು. ನೆಟ್ ಹೋದಾಗ, ಲಾಗೌಟ್ ಆಗದಿದ್ದರೆ, ಉಳಿಸಿದ್ದನ್ನು ನೋಡಬಹುದು; ಹೊಸದು ಸೇರಿಸಲಾಗದು.

ಹಲವರು ಕೂರುವ ಕಂಪ್ಯೂಟರಿನಲ್ಲಿ ವಾಲ್ಟ್ ಟೈಮ್‌ಔಟ್ (ಬಳಸದೆ ಬಿಟ್ಟರೆ ತಾನೇ ಬೀಗ ಬೀಳುವ ಸಮಯ) 5 ನಿಮಿಷಕ್ಕೆ ಇಳಿಸಿ. ಸೈಬರ್ ಸೆಂಟರಿನ ಯಂತ್ರದಲ್ಲಿ ಮಾಸ್ಟರ್ ಒತ್ತಲೇಬೇಡಿ. ಒತ್ತಿದ ಕೀಲಿಗಳನ್ನೆಲ್ಲ ಕದ್ದು ಬರೆದುಕೊಳ್ಳುವ ಕೀಲಾಗರ್ ಕೂತಿದ್ದರೆ ಯಾವ ಎನ್‌ಕ್ರಿಪ್ಶನ್ನೂ ಕಾಯುವುದಿಲ್ಲ.

ಮಾಲೀಕರು, ಅಕೌಂಟೆಂಟು ಇಬ್ಬರೇ ಹಂಚಿಕೊಳ್ಳುವುದಾದರೆ ಬಿಟ್‌ವಾರ್ಡನ್‌ನ ಉಚಿತ ಆರ್ಗನೈಸೇಶನ್ (ಹಂಚಿಕೆಯ ಖಾತೆ) ಸಾಕು. ಮೂರನೆಯವರನ್ನು ಸೇರಿಸಬೇಕೆಂದರೆ ದುಡ್ಡು ಕಟ್ಟಬೇಕು.