ಕಟಾನ್, ಟಿಕೆಟ್ ಟು ರೈಡ್, ಪ್ಯಾಂಡೆಮಿಕ್, ಅಜುಲ್: ಹಿಂದೆ ಬಿದ್ದವರ ಕಡೆಯಿಂದ ಒಂದು ಹೋಲಿಕೆ

ಮೈಸೂರಿನ ಕುವೆಂಪುನಗರದಲ್ಲಿರುವ ಸ್ನೇಹಿತನೊಬ್ಬನ ಮನೆಯ ಊಟದ ಮೇಜಿನ ಸುತ್ತ ನಾವು ಐದು ಜನ ಮೂರು ವರ್ಷಗಳಿಂದ ಶನಿವಾರದ ಸಂಜೆ ಬೋರ್ಡ್ ಗೇಮ್ ಆಡುತ್ತಾ ಬಂದಿದ್ದೇವೆ. ಹತ್ತಾರು ಆಟಗಳು ಆ ಮೇಜಿನ ಮೇಲೆ ಬಂದು ಹೋಗಿದ್ದರೂ ನಾವು ಮತ್ತೆ ಮತ್ತೆ ತೆರೆದ ಪೆಟ್ಟಿಗೆಗಳು ನಾಲ್ಕೇ: ಕಟಾನ್, ಟಿಕೆಟ್ ಟು ರೈಡ್, ಪ್ಯಾಂಡೆಮಿಕ್ ಮತ್ತು ಅಜುಲ್. ಒಂದೊಂದಕ್ಕೂ ಕೆಲವು ಸಾವಿರ ರೂಪಾಯಿ ಬೆಲೆಯಿರುವುದರಿಂದ, ಒಂದೇ ಒಂದನ್ನು ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕೆಂದು ಪರಿಚಯದವರು ನಮ್ಮನ್ನು ಕೇಳುತ್ತಿರುತ್ತಾರೆ. ಆ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು, ಅದಕ್ಕೆ ಕಾರಣವಾದ ಅನುಭವದೊಂದಿಗೆ, ಇಲ್ಲಿ ಬರೆಯುತ್ತಿದ್ದೇನೆ.

ನಿಯಮಗಳ ಜಾಣ್ಮೆಯನ್ನು ನಾನು ಮೊದಲ ಅಳತೆಗೋಲಾಗಿ ಹಿಡಿಯುವುದಿಲ್ಲ. ಆಟ ಅರ್ಧ ಮುಗಿದಾಗ ಎಲ್ಲರಿಗಿಂತ ಹಿಂದೆ ಬಿದ್ದಿರುವವರು ಉಳಿದ ಅರ್ಧದಲ್ಲಿ ಏನು ಮಾಡುತ್ತಾರೆ ಎಂಬುದನ್ನು ಗಮನಿಸುತ್ತೇನೆ. ಈ ಅಳತೆ ನನಗೆ ಬಂದದ್ದು ಚೌಕಾಬಾರದಿಂದ. ಆ ಆಟದಲ್ಲಿ ಒಬ್ಬರ ಕಾಯಿಯನ್ನು ಕಡಿದರೆ ಅದು ಹೊರಟ ಮನೆಗೇ ಮರಳಬೇಕು. ಆದರೂ ನಾಲ್ಕು ಕವಡೆಗಳು ಅಂಗಾತ ಬಿದ್ದು ಚೌಕವೋ, ಎಲ್ಲವೂ ಬೋರಲಾಗಿ ಬಾರವೋ ಬಿದ್ದರೆ ಇನ್ನೊಂದು ಎಸೆತ ಸಿಗುವುದರಿಂದ, ಕಡಿಸಿಕೊಂಡವರು ಕೊನೆಯ ತನಕ ಆಸೆಯಿಂದಲೇ ಕವಡೆ ಕೈಗೆತ್ತಿಕೊಳ್ಳುತ್ತಾರೆ. ಸ್ನೇಹಿತರು ವಾರಕ್ಕೊಮ್ಮೆ ಸೇರುವ ಜಾಗದಲ್ಲಿ ಒಬ್ಬರು ಒಂದು ಗಂಟೆ ಕಾಲ ಸುಮ್ಮನೆ ಕುಳಿತು ಇತರರ ಗೆಲುವನ್ನು ನೋಡಬೇಕಾಗಿ ಬಂದರೆ ಆ ಸಂಜೆ ಕೆಟ್ಟಂತೆಯೇ ಸರಿ.

ಕಟಾನ್ 1995ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಇದನ್ನು ರೂಪಿಸಿದ ಕ್ಲಾಸ್ ಟಾಯ್ಬರ್ ವೃತ್ತಿಯಿಂದ ದಂತ ತಂತ್ರಜ್ಞರಾಗಿದ್ದವರು. ಆರು ಮೂಲೆಯ 19 ಬಿಲ್ಲೆಗಳನ್ನು ಜೋಡಿಸಿ ಒಂದು ದ್ವೀಪವನ್ನು ಮಾಡಿಕೊಂಡು, ಅವುಗಳ ಅಂಚುಗಳಲ್ಲಿ ರಸ್ತೆಗಳನ್ನೂ ಮೂಲೆಗಳಲ್ಲಿ ಊರುಗಳನ್ನೂ ಕಟ್ಟುತ್ತಾ ಹೋಗಿ ಮೊದಲು 10 ಅಂಕ ಮುಟ್ಟಿದವರು ಗೆಲ್ಲುತ್ತಾರೆ. ಪ್ರತಿ ಸರದಿಯಲ್ಲೂ ಎರಡು ದಾಳಗಳನ್ನು ಉರುಳಿಸಿದಾಗ ಬಿದ್ದ ಸಂಖ್ಯೆಯ ಬಿಲ್ಲೆಯನ್ನು ಮುಟ್ಟುವ ಊರುಳ್ಳವರಿಗೆಲ್ಲ ಅಲ್ಲಿನ ಬೆಳೆ ಕಾರ್ಡಿನ ರೂಪದಲ್ಲಿ ಸಿಗುತ್ತದೆ: ಮರ, ಇಟ್ಟಿಗೆ, ಉಣ್ಣೆ, ಗೋಧಿ ಅಥವಾ ಅದಿರು. ಯಾರಿಗೂ ಬೇಕಾದದ್ದೆಲ್ಲ ತಾನಾಗಿ ಸಿಗುವುದಿಲ್ಲ. ಮರ, ಉಣ್ಣೆ, ಗೋಧಿಗಳಿಗೆ ನಾಲ್ಕು ನಾಲ್ಕು ಬಿಲ್ಲೆಗಳಿದ್ದರೆ ಇಟ್ಟಿಗೆಗೂ ಅದಿರಿಗೂ ಮೂರು ಮೂರೇ ಇರುವುದರಿಂದ ಕೊಡು-ಕೊಳ್ಳುವ ಮಾತುಕತೆ ಅನಿವಾರ್ಯವಾಗುತ್ತದೆ. ಈ ಚೌಕಾಸಿಯೇ ಕಟಾನ್‌ನ ಜೀವಾಳ. “ಎರಡು ಉಣ್ಣೆ ಕೊಡುತ್ತೇನೆ, ಒಂದು ಇಟ್ಟಿಗೆ ಕೊಡು” ಎಂದು ಒಬ್ಬರು ಕೇಳುವುದು, “ನಿನಗೆ ಇಟ್ಟಿಗೆ ಸಿಕ್ಕರೆ ನನ್ನ ರಸ್ತೆ ಮುಚ್ಚಿಹೋಗುತ್ತದೆ” ಎಂದು ಇನ್ನೊಬ್ಬರು ತಲೆಯಾಡಿಸುವುದು, ಮೂರನೆಯವರು ನಡುವೆ ಬಂದು ಹೆಚ್ಚಿನ ಬೆಲೆ ಹೇಳುವುದು, ಇವೆಲ್ಲ ದೇವರಾಜ ಮಾರುಕಟ್ಟೆಯ ಬೆಳಗಿನ ಹೊತ್ತನ್ನು ನೆನಪಿಸುವಷ್ಟು ಸಹಜವಾಗಿ ನಡೆಯುತ್ತವೆ. ಮಿತಭಾಷಿಯಾದ ನಮ್ಮ ಸ್ನೇಹಿತನೊಬ್ಬ ಕಟಾನ್ ಆಡುವಾಗ ಮಾತ್ರ ಎಡೆಬಿಡದೆ ಮಾತನಾಡುವುದನ್ನು ನೋಡಿ, ಈ ಆಟದ ಮೇಲೆ ನನಗಿರುವ ಪ್ರೀತಿ ಹೆಚ್ಚಾಗಿದೆ.

ಆದರೆ ನನ್ನ ಅಳತೆಗೋಲಿನಲ್ಲಿ ಕಟಾನ್ ಸೋಲುವುದೂ ಅದೇ ದಾಳಗಳಿಂದ. ಕಳೆದ ಮಳೆಗಾಲದ ಒಂದು ಸಂಜೆ ಅದೇ ಸ್ನೇಹಿತ ತನ್ನ ಮೊದಲ ಎರಡು ಊರುಗಳನ್ನೂ 8ರ ಬಿಲ್ಲೆಯನ್ನೇ ನಂಬಿ ಇಟ್ಟ. ಅದು ತಪ್ಪು ಲೆಕ್ಕವಾಗಿರಲಿಲ್ಲ. ಎರಡು ದಾಳಗಳ 36 ಸಾಧ್ಯತೆಗಳಲ್ಲಿ 5ರಲ್ಲಿ 8 ಬೀಳುತ್ತದೆ, ಎಂದರೆ ಸರಾಸರಿ ಏಳು ಎಸೆತಗಳಿಗೊಮ್ಮೆ ಬೀಳಬೇಕು. ಆದರೆ ಸತತ 20 ಎಸೆತಗಳು ಕಳೆದರೂ 8 ಬೀಳಲೇ ಇಲ್ಲ. ಹಾಗಾಗುವ ಸಾಧ್ಯತೆ ನೂರಕ್ಕೆ ಐದರಷ್ಟು ಮಾತ್ರ ಎಂದು ಆಮೇಲೆ ಲೆಕ್ಕ ಹಾಕಿ ನೋಡಿದೆವು; ನೂರು ಆಟ ಆಡುವವರಿಗೆ ಇದು ಅಪರೂಪದ ಸಂಗತಿಯೇನಲ್ಲ. ಅಷ್ಟರಲ್ಲಿ ಯಾರೋ 7 ಉರುಳಿಸಿ, ಅವನಿಗಿದ್ದ ಒಂದೇ ಇಟ್ಟಿಗೆಯ ಬಿಲ್ಲೆಯ ಮೇಲೆ, ಅಲ್ಲಿನ ಬೆಳೆಯನ್ನು ತಡೆಯುವ ದರೋಡೆಕೋರನ ಕಾಯಿಯನ್ನು ತಂದಿಟ್ಟರು. ಕೈಯಲ್ಲಿ ಕಾರ್ಡೇ ಇಲ್ಲದವನ ಜೊತೆ ವ್ಯಾಪಾರ ಮಾಡುವವರಿಲ್ಲ. ಅಂದು ಅವನು ಮುಕ್ಕಾಲು ಗಂಟೆ ಕಾಲ ತನ್ನ ಕೆಂಪು ರಸ್ತೆಯ ಕಡ್ಡಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದರಂತೆ ಜೋಡಿಸುತ್ತಾ ಕುಳಿತಿದ್ದ ದೃಶ್ಯ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಟ ಮುಗಿಯಲು ನಮಗೆ ಒಂದೂವರೆ ಗಂಟೆಗಿಂತ ಕಡಿಮೆ ಎಂದೂ ಹಿಡಿದಿಲ್ಲವಾದ್ದರಿಂದ ಅಂಥ ಕಾಯುವಿಕೆ ಚಿಕ್ಕದೂ ಅಲ್ಲ. ಇದರ ಜೊತೆಗೆ ಮೂಲ ಪೆಟ್ಟಿಗೆಯಲ್ಲಿ ಮೂರು ಅಥವಾ ನಾಲ್ಕು ಜನರಿಗಷ್ಟೇ ಅವಕಾಶವಿದೆ. ಐದು ಆರು ಜನ ಆಡಬೇಕೆಂದರೆ ವಿಸ್ತರಣೆಯ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು.

ಅಲನ್ ಆರ್. ಮೂನ್ ರೂಪಿಸಿದ ಟಿಕೆಟ್ ಟು ರೈಡ್ 2004ರ ಆಟ. ಅಮೆರಿಕದ ನಕ್ಷೆಯ ಮೇಲೆ ಊರಿಂದೂರಿಗೆ ಎಳೆದ ದಾರಿಗಳಿವೆ. ಒಂದೇ ಬಣ್ಣದ ಕಾರ್ಡುಗಳನ್ನು ಕೂಡಿಸಿ ಆ ಬಣ್ಣದ ದಾರಿಯ ಮೇಲೆ ನಮ್ಮ ಪ್ಲಾಸ್ಟಿಕ್ ರೈಲು ಬಂಡಿಗಳನ್ನು ಇಟ್ಟರೆ ಆ ದಾರಿ ನಮ್ಮದಾಗುತ್ತದೆ. ಒಬ್ಬೊಬ್ಬರಿಗೆ 45 ಬಂಡಿಗಳು. ಸರದಿ ಬಂದಾಗ ಮಾಡಬಹುದಾದದ್ದು ಮೂರೇ ಕೆಲಸಗಳಲ್ಲಿ ಒಂದು: ಕಾರ್ಡು ಎತ್ತುವುದು, ದಾರಿ ಹಿಡಿಯುವುದು, ಇಲ್ಲವೇ ಹೊಸ ಟಿಕೆಟ್ ಪಡೆಯುವುದು. ಹೊಸಬರಿಗೆ ಹೇಳಿಕೊಡಲು ಹತ್ತು ನಿಮಿಷ ಸಾಕು. ಪ್ರತಿಯೊಬ್ಬರ ಕೈಯಲ್ಲೂ ಗುಟ್ಟಾಗಿ ಇಟ್ಟುಕೊಂಡ ಟಿಕೆಟ್‌ಗಳಿರುತ್ತವೆ; ಟಿಕೆಟ್‌ನಲ್ಲಿರುವ ಎರಡು ಊರುಗಳನ್ನು ತಮ್ಮ ಬಂಡಿಗಳಿಂದ ಕೂಡಿಸಿದರೆ ಅಷ್ಟು ಅಂಕ ಬರುತ್ತದೆ, ಕೂಡಿಸಲಾಗದಿದ್ದರೆ ಅಷ್ಟೇ ಅಂಕ ಕಳೆಯುತ್ತದೆ.

ಈ ಗುಟ್ಟಿನಲ್ಲಿಯೇ ಆಟದ ದೊಡ್ಡ ಗುಣ ಅಡಗಿದೆ ಎಂಬುದು ನನ್ನ ನಂಬಿಕೆ. ನಕ್ಷೆಯ ಅಂಚಿನ ಅಂಕಪಟ್ಟಿಯಲ್ಲಿ ಹಿಂದಿರುವವರ ಬಳಿ ಯಾವ ಟಿಕೆಟ್‌ಗಳಿವೆ ಎಂದು ಬೇರೆಯವರಿಗೆ ತಿಳಿಯದು, ಬೇರೆಯವರ ಬಳಿ ಏನಿದೆ ಎಂದು ಅವರಿಗೂ ತಿಳಿಯದು. ಹಾಗಾಗಿ ಕೊನೆಯ ಎಣಿಕೆ ಮುಗಿಯುವ ತನಕ ಯಾರೂ ತಾವು ಸೋತೆವೆಂದು ಕೈಬಿಡುವುದಿಲ್ಲ. ದಾರಿ ಮುಚ್ಚಿಹೋದವರಿಗೂ ಸಾಮಾನ್ಯವಾಗಿ ಒಂದು ಸುತ್ತುದಾರಿ ಉಳಿದಿರುತ್ತದೆ. ನಮ್ಮ ಗುಂಪಿನ ಗೆಳತಿಯೊಬ್ಬಳಿಗೆ ಒಮ್ಮೆ ಲಾಸ್ ಏಂಜಲೀಸ್‌ನಿಂದ ಮಯಾಮಿಗೆ ಹೋಗುವ 20 ಅಂಕದ ಟಿಕೆಟ್ ಬಂದಿತ್ತು. ಅವಳು ಆರು ಕಪ್ಪು ಕಾರ್ಡು ಕೂಡಿಸಿ ಎಲ್ ಪಾಸೊ ತಲುಪಿ, ಆರು ಹಸಿರು ಕೂಡಿಸಿ ಹ್ಯೂಸ್ಟನ್ ತಲುಪಿ, ಇನ್ನೆರಡು ಬಂಡಿಗಳಿಂದ ನ್ಯೂ ಆರ್ಲಿಯನ್ಸ್ ಮುಟ್ಟಿ, ಅಲ್ಲಿಂದ ಮಯಾಮಿಗೆ ಬೇಕಾದ ಆರು ಕೆಂಪು ಕಾರ್ಡುಗಳಲ್ಲಿ ಐದನ್ನು ಹಿಡಿದು ಕುಳಿತಿದ್ದಳು. ಅವಳ ಪಕ್ಕದಲ್ಲಿದ್ದ ನಾನು, ಏನೂ ಅರಿಯದೆ, 15 ಅಂಕಕ್ಕಾಗಿ ಅದೇ ಕೆಂಪು ದಾರಿಯನ್ನು ಹಿಡಿದೆ. ಅವಳು ಒಂದು ನಿಮಿಷ ನಕ್ಷೆಯನ್ನೇ ದಿಟ್ಟಿಸಿ ನೋಡಿ, ಮತ್ತೆ ಕಾರ್ಡು ಎತ್ತತೊಡಗಿದಳು. ಅಟ್ಲಾಂಟಾಕ್ಕೆ ನಾಲ್ಕು, ಅಲ್ಲಿಂದ ಚಾರ್ಲ್ಸ್‌ಟನ್‌ಗೆ ಎರಡು, ಅಲ್ಲಿಂದ ಮಯಾಮಿಗೆ ನಾಲ್ಕು, ಹೀಗೆ ಆರರ ಬದಲು ಹತ್ತು ಬಂಡಿಗಳನ್ನು ಸುರಿದು, ಆಟ ಮುಗಿಯುವ ಹಿಂದಿನ ಸುತ್ತಿನಲ್ಲಿ ಊರು ತಲುಪಿದಳು. ಟಿಕೆಟ್ ತಿರುಗಿಸಿ ತೋರಿಸಿದಾಗ ಅವಳ ಮುಖದಲ್ಲಿದ್ದ ಸಂತೋಷ ಅಂದು ಗೆದ್ದವರಿಗೂ ಇರಲಿಲ್ಲ.

ಕೊರತೆಗಳು ಇದಕ್ಕೂ ಇವೆ. ಮಾತು ಕಡಿಮೆ, ಕಟಾನ್‌ನ ಗದ್ದಲಕ್ಕೆ ಒಗ್ಗಿದವರಿಗೆ ಈ ಮೇಜು ಮಂಕಾಗಿ ಕಾಣಬಹುದು. ಕೊನೆಯ ಹೊತ್ತಿನಲ್ಲಿ ಹೊಸ ಟಿಕೆಟ್ ಎತ್ತಿದವರಿಗೆ ಆಗಲೇ ಕೂಡಿಸಿಟ್ಟ ಊರುಗಳೇ ಬಂದು, ಶ್ರಮವಿಲ್ಲದೆ ಅಂಕ ಸಿಗುವುದುಂಟು. ಇದು ನನಗೆ ಪ್ರತಿ ಸಲವೂ ಅನ್ಯಾಯವೆನಿಸುತ್ತದೆ. ಭಾರತದ ನಕ್ಷೆಯೂ 2011ರಲ್ಲಿ ಬಂದಿದ್ದು, ಅದನ್ನು ಆಡಲು ಮೂಲ ಪೆಟ್ಟಿಗೆಯ ಬಂಡಿಗಳೂ ಕಾರ್ಡುಗಳೂ ಬೇಕು.

ಪ್ಯಾಂಡೆಮಿಕ್ ಈ ಸಾಲಿನಲ್ಲಿ ಬೇರೆಯೇ ಬಗೆಯದು. ಮ್ಯಾಟ್ ಲೀಕಾಕ್ ರೂಪಿಸಿ 2008ರಲ್ಲಿ ಪ್ರಕಟವಾದ ಈ ಆಟದಲ್ಲಿ ಎಲ್ಲರೂ ಒಂದೇ ಪಕ್ಷ. ಜಗತ್ತಿನ 48 ನಗರಗಳಲ್ಲಿ ಹರಡುವ ನಾಲ್ಕು ರೋಗಗಳಿಗೆ ಮದ್ದು ಕಂಡುಹಿಡಿದರೆ ಎಲ್ಲರೂ ಗೆದ್ದಂತೆ, ಇಲ್ಲವಾದರೆ ಎಲ್ಲರೂ ಸೋತಂತೆ. ಬೆಂಗಳೂರು ಅದರಲ್ಲಿಲ್ಲ, ನಮ್ಮ ದೇಶದಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಿವೆ, ನಾಲ್ಕೂ ಒಂದಕ್ಕೊಂದು ತೀರ ಹತ್ತಿರ ಹೆಣೆದುಕೊಂಡಿವೆ. ಸಾಂಕ್ರಾಮಿಕದ ಕಾರ್ಡು ಬಂದಾಗಲೆಲ್ಲ ಅದುವರೆಗೆ ರೋಗ ತಗುಲಿದ ನಗರಗಳ ಕಾರ್ಡುಗಳನ್ನು ಕಲಸಿ ಮತ್ತೆ ಕಟ್ಟಿನ ಮೇಲೆಯೇ ಇಡಬೇಕಾದ್ದರಿಂದ, ಈಗಾಗಲೇ ನರಳಿದ ಊರೇ ಮತ್ತೆ ನರಳುತ್ತದೆ. ಒಂದು ಸಣ್ಣ ನಿಯಮದಿಂದ ಇಷ್ಟು ಆತಂಕ ಹುಟ್ಟಿಸಿರುವುದು ನಾಲ್ಕೂ ಆಟಗಳಲ್ಲಿ ನಾನು ಕಂಡ ಅತ್ಯುತ್ತಮ ಕೌಶಲ. ಒಂದು ರಾತ್ರಿ ನಾವು ಮೂರು ಮದ್ದು ಕಂಡುಹಿಡಿದು ನಾಲ್ಕನೆಯದಕ್ಕೆ ಒಂದೇ ಸರದಿ ಬಾಕಿಯಿದ್ದಾಗ ಚೆನ್ನೈ ಕಾರ್ಡು ಬಂತು. ಅಲ್ಲಿ ಆಗಲೇ ರೋಗವನ್ನು ಸೂಚಿಸುವ ಮೂರು ಕಪ್ಪು ಕಾಯಿಗಳಿದ್ದವು. ನಾಲ್ಕನೆಯದಕ್ಕೆ ಜಾಗವಿಲ್ಲದೆ ರೋಗ ಸಿಡಿದು ನೆರೆಯೂರುಗಳಿಗೆ ಹಬ್ಬಿ, ಅಷ್ಟೇ ತುಂಬಿದ್ದ ಕೋಲ್ಕತ್ತವೂ ದೆಹಲಿಯೂ ಬೆನ್ನಿಗೇ ಸಿಡಿದವು. ಇಂಥ ಸಿಡಿತಗಳನ್ನು ಎಣಿಸುವ ಗುರುತು ಐದರಿಂದ ಕೊನೆಯ ಮಿತಿಯಾದ ಎಂಟಕ್ಕೆ ಹೋಗಿ ನಾವು ಸೋತು ಆಟ ಮುಗಿಯಿತು. ನಾಲ್ವರೂ ಒಟ್ಟಿಗೆ ಎದ್ದು ನಿಂತಿದ್ದೆವು.

ಇಲ್ಲಿ ಹಿಂದೆ ಬೀಳುವವರಿಲ್ಲವಾದರೂ ಇನ್ನೊಂದು ತೊಂದರೆಯಿದೆ. ಆಟವನ್ನು ಚೆನ್ನಾಗಿ ಬಲ್ಲ ಒಬ್ಬರು ಎಲ್ಲರ ಸರದಿಯನ್ನೂ ತಾವೇ ಹೇಳಿಕೊಡಲು ತೊಡಗಿದರೆ ಉಳಿದವರು ಕಾಯಿ ಸರಿಸುವ ಕೈಗಳಷ್ಟೇ ಆಗುತ್ತಾರೆ. ಸರದಿ ಇರುವವರು ಕೇಳುವ ತನಕ ಬೇರಾರೂ ಬಾಯಿ ತೆರೆಯಬಾರದೆಂಬ ಕಟ್ಟಳೆಯನ್ನು ನಾವು ಮಾಡಿಕೊಂಡ ಮೇಲೆ ಇದು ಬಹುಮಟ್ಟಿಗೆ ಸರಿಹೋಯಿತು. ಇದಲ್ಲದೆ, ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿರುವ ನಮ್ಮ ಗೆಳತಿ 2021ರ ಬೇಸಿಗೆಯನ್ನು ವಾರ್ಡಿನಲ್ಲೇ ಕಳೆದವಳು. ಆ ಪೆಟ್ಟಿಗೆಯನ್ನು ತೆರೆದರೆ ತನಗೆ ಆಡಲಾಗುವುದಿಲ್ಲವೆಂದು ಅವಳು ಮೊದಲ ದಿನವೇ ಹೇಳಿದಳು. ಅವಳು ಬಂದ ದಿನ ನಾವು ಅದನ್ನು ಹೊರತೆಗೆಯುವುದಿಲ್ಲ.

ಅಜುಲ್ ಬಗ್ಗೆ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅದರಲ್ಲಿ ದೋಷ ಹುಡುಕುವುದು ಕಷ್ಟ. ಮಿಖಾಯೆಲ್ ಕೀಸ್ಲಿಂಗ್ ರೂಪಿಸಿದ ಇದು 2017ರಲ್ಲಿ ಬಂದಿತು. ಕಟಾನ್, ಟಿಕೆಟ್ ಟು ರೈಡ್‌ಗಳಂತೆ ಇದಕ್ಕೂ ಜರ್ಮನಿಯ ವರ್ಷದ ಆಟ ಎಂಬ ಪ್ರಶಸ್ತಿ ಸಂದಿದೆ. ಪೋರ್ಚುಗಲ್‌ನ ಗೋಡೆಗಳ ಬಣ್ಣದ ಹೆಂಚುಗಳನ್ನು ಹೋಲುವ, ಐದು ಬಗೆಯ 100 ಬಿಲ್ಲೆಗಳಿವೆ. ಒಂದು ತಟ್ಟೆಯಿಂದ ಒಂದು ಬಣ್ಣದ ಬಿಲ್ಲೆಗಳನ್ನೆಲ್ಲ ಎತ್ತಿಕೊಂಡು, ಉಳಿದವನ್ನು ನಡುವಿಗೆ ತಳ್ಳಿ, ಎತ್ತಿದ್ದನ್ನು ತಮ್ಮ ಹಾಸಿನ ಸಾಲಿನಲ್ಲಿ ತುಂಬಬೇಕು. ಸಾಲಿಗಿಂತ ಹೆಚ್ಚಾದದ್ದು ನೆಲಕ್ಕೆ ಬಿದ್ದು ಅಂಕ ಕಳೆಯುತ್ತದೆ.

ಇದನ್ನು ನಮಗಿಂತ ಚೆನ್ನಾಗಿ ಆಡುವವರು ಆ ಮನೆಯ ಅಮ್ಮ, ಸ್ನೇಹಿತನ ತಾಯಿ. ಚೌಕಾಬಾರ, ಅಳಗುಳಿಮಣೆಗಳಲ್ಲಿ ಪಳಗಿದ ಅವರು ಎರಡನೆಯ ಆಟದಲ್ಲೇ, ಬೇಕಾದದ್ದನ್ನು ಎತ್ತುವ ಮುನ್ನ ನಮ್ಮ ಹಾಸುಗಳತ್ತ ಕಣ್ಣಾಡಿಸತೊಡಗಿದರು. ಆ ಸುತ್ತಿನ ಕೊನೆಗೆ ನಡುವೆ ಐದು ಕೆಂಪು ಬಿಲ್ಲೆಗಳು ಉಳಿದಿದ್ದವು. ನನ್ನ ಹಾಸಿನಲ್ಲಿ ಒಂದೇ ಬಿಲ್ಲೆ ಹಿಡಿಯುವ ಮೇಲಿನ ಸಾಲು ಮಾತ್ರ ಖಾಲಿಯಿತ್ತು. ಅವರು ಬೆರಳಿನಿಂದ ಬಿಲ್ಲೆಗಳನ್ನು ಎಣಿಸಿ ನೋಡಿ, ತಮಗೆ ಅಷ್ಟೇನೂ ಬೇಡದಿದ್ದ ಎರಡು ಹಳದಿಯನ್ನು ಎತ್ತಿಕೊಂಡರು. ಐದು ಕೆಂಪನ್ನೂ ನಾನೇ ಎತ್ತಬೇಕಾಯಿತು. ಒಂದು ಸಾಲಿಗೆ ಸೇರಿ, ನಾಲ್ಕು ನೆಲಕ್ಕೆ ಬಿದ್ದು, ಆರು ಅಂಕ ಹೋದವು. ಯಾರು ಹಿಂದಿದ್ದಾರೆ ಎಂಬುದು ಅಜುಲ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ಚೇತರಿಕೆಯೂ ಸುಲಭವಲ್ಲ. ಆದರೆ ಆಟ ಮುಕ್ಕಾಲು ಗಂಟೆಯೊಳಗೆ ಮುಗಿಯುವುದರಿಂದ ಸೋತವರೇ ಇನ್ನೊಮ್ಮೆ ಆಡೋಣ ಎನ್ನುತ್ತಾರೆ.

ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಈ ದೃಷ್ಟಿಯಿಂದಲೂ ಹೋಲಿಸಿ ನೋಡಬೇಕು. ಅಜುಲ್‌ನ ಬಿಲ್ಲೆಗಳ ಮೇಲಾಗಲಿ ಹಾಸಿನಲ್ಲಾಗಲಿ ಓದಬೇಕಾದ ವಾಕ್ಯವೇ ಇಲ್ಲ. ಟಿಕೆಟ್ ಟು ರೈಡ್‌ನ ಪ್ರತಿ ಟಿಕೆಟ್‌ನಲ್ಲೂ ಪುಟ್ಟ ನಕ್ಷೆಯ ಮೇಲೆ ಎರಡು ಊರುಗಳನ್ನು ಗುರುತಿಸಿರುವುದರಿಂದ ಜಾಗ ನೋಡಿಯೇ ಆಡಬಹುದು; ಅಮ್ಮ ಹಾಗೆಯೇ ಆಡುತ್ತಾರೆ. ಕಟಾನ್‌ನಲ್ಲಿ ಗುಟ್ಟಾಗಿ ಇಟ್ಟುಕೊಳ್ಳಬೇಕಾದ ಕೆಲವು ಕಾರ್ಡುಗಳ ಮೇಲೆ ಬರಹವಿದೆ, ಪ್ಯಾಂಡೆಮಿಕ್‌ನಲ್ಲಿ ಅದು ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಆಡಬೇಕೆನ್ನುವವರು ಇದನ್ನು ಖಂಡಿತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾಗಿ ಕೇಳಿದವರಿಗೆ ನಾನು ಟಿಕೆಟ್ ಟು ರೈಡ್ ಕೊಳ್ಳಿ ಎನ್ನುತ್ತೇನೆ. ಇಬ್ಬರಿಂದ ಐವರ ತನಕ ಎಷ್ಟೇ ಜನ ಬಂದರೂ ಅದೇ ಪೆಟ್ಟಿಗೆ ಸಾಲುತ್ತದೆ, ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮನೆಯಲ್ಲಿ ಇಬ್ಬರೇ ಇರುವವರಿಗೆ ಮಾತ್ರ ಅಜುಲ್ ಹೇಳುತ್ತೇನೆ. ನಮ್ಮ ಮೇಜಿನಲ್ಲಿ ಕಟಾನ್ ಈಗಲೂ ತಿಂಗಳಿಗೊಮ್ಮೆ, ಸರಿಯಾಗಿ ನಾಲ್ವರಿದ್ದ ದಿನ, ಹೊರಬರುತ್ತದೆ. ಆ ದಿನ ಮೊದಲ ಊರುಗಳನ್ನು ಇಡುವಾಗ ಒಂದೇ ಸಂಖ್ಯೆಯನ್ನು ನಂಬಬೇಡಿ ಎಂದು ಹೊಸಬರಿಗೆ ಹೇಳಿಕೊಡುವವನು ಅದೇ ಮಿತಭಾಷಿ ಸ್ನೇಹಿತ.