ಬೇವಿನೆಣ್ಣೆ 10,000 ಪಿಪಿಎಂ: ಕೆಂಪಿರುವೆಗೆ ಹೊಡೆದು ನೋಡಿದ್ದು

ಗೊಬ್ಬರದ ಅಂಗಡಿಲಿ 250 ಎಂಎಲ್ ಬಾಟ್ಲಿ ತಗೊಂಡೆ (10,000 ಪಿಪಿಎಂ ಅಂದ್ರೆ ಹುಳದ ಮೇಲೆ ಕೆಲಸ ಮಾಡೋ ಬೇವಿನ ಅಂಶ ನೂರಕ್ಕೆ ಒಂದು ಪಾಲು), "ಒಂದ್ಸಲ ಹೊಡೀರಿ ಸಾಕು, ಗೂಡು ಸಮೇತ ಹೋಗತ್ತೆ" ಅಂದ್ರು. ಹೋಗಲ್ಲ. ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನೀವೂ ನನ್ ಥರ ದುಡ್ಡು ಕೊಟ್ಟು ಕಾಯ್ತಾ ಕೂರ್ತೀರ.

ನಮ್ಮ ಹಿತ್ತಲಲ್ಲಿ ಇರೋದು ಫೈರ್ ಆಂಟ್ ಅನ್ನೋ ಕೆಂಪಿರುವೆ, ಚಗಳಿ ಅಲ್ಲ. ಚಗಳಿ ನಮ್ ಕಡೆದೇ, ಮರದಲ್ಲಿ ಎಲೆ ಹೊಲ್ಕೊಂಡು ಅದರ ಪಾಡಿಗೆ ಇರತ್ತೆ. ಇದು ಅಮೆರಿಕಾ ಕಡೆದು, 16ನೇ ಶತಮಾನದಲ್ಲಿ ಸ್ಪೇನ್‌ನವರ ಹಡಗಲ್ಲಿ ಮೆಕ್ಸಿಕೋದಿಂದ ಮನಿಲಾಗೆ ಬಂದು ಆಮೇಲೆ ಏಷ್ಯಾದಲ್ಲೆಲ್ಲಾ ಹರಡಿದ್ದು. ನೆಲದಲ್ಲಿ ಪುಡಿಮಣ್ಣಿನ ಗುಪ್ಪೆ, ಕಾಲಿಟ್ರೆ ಒಟ್ಟಿಗೇ ಹತ್ತಿ ಚುಚ್ತಾವೆ, ಮಗಳ ಪಾದ ಎರಡು ದಿನ ಊದಿತ್ತು.

ಲೀಟರ್ ನೀರಿಗೆ 3 ಎಂಎಲ್ ಹಾಕಿ (ಹಾಲಿನ ಥರ ಬೆಳ್ಳಗಾಗತ್ತೆ) ಮೊದಲು ಗೂಡಿಗೇ ಸುರಿದೆ. ಮೇಲಿದ್ದವು ಚದುರಿದ್ವು, ಮಾರನೇ ದಿನ ನೋಡಿದ್ರೆ ಎರಡು ಅಡಿ ಆಚೆ ಹೊಸಾ ಮಣ್ಣು ಎತ್ತಿದಾವೆ. ರಾಣಿ ಆಳದಲ್ಲಿರತ್ತೆ, ಔಷಧಿ ಅಲ್ಲಿವರೆಗೆ ಇಳಿಯಲ್ಲ, ಅದೂ ಅಲ್ದೆ ಬೇವಿನ ಆ ಅಂಶ (ಅಜಾಡಿರಾಕ್ಟಿನ್ ಅಂತಾರೆ) ಮುಟ್ಟಿದ ಕೂಡ್ಲೇ ಕೊಲ್ಲೋ ವಿಷ ಅಲ್ಲ, ಹುಳ ತಿನ್ನೋದು ಬಿಡತ್ತೆ, ಪೊರೆ ಬಿಟ್ಟು ಬೆಳೆಯಕ್ಕಾಗಲ್ಲ, ನಿಧಾನಕ್ಕೆ ಸಾಯತ್ತೆ.

ಆಮೇಲೆ ಕಣ್ಣಿಗೆ ಬಿದ್ದಿದ್ದು ದಾಸವಾಳ. ಗೂಡಿಂದ ಸೀದಾ ಗಿಡಕ್ಕೆ ಸಾಲು, ಮೊಗ್ಗಿನ ಸಂದಿಲಿ ಬಿಳೀ ಹಿಟ್ಟು ತಿಗಣೆ, ಇರುವೆ ಬಂದು ಮೀಸೆಯಿಂದ ತಿಗಣೆ ಬೆನ್ನು ತಟ್ಟತ್ತೆ, ಹಿಂದಿಂದ ಒಂದು ಹನಿ ಅಂಟು ಬರತ್ತೆ, ಅದನ್ನ ಕುಡ್ಕೊಂಡು ಇಳಿದು ಹೋಗತ್ತೆ. ಊಟ ಇಲ್ಲಿದೆ ಅಂತ ಆಗ ಗೊತ್ತಾಯ್ತು. ಅದೇ ಬೇವಿನ ನೀರಿಗೆ ಸ್ವಲ್ಪ ಸೋಪಿನ ನೀರು ಸೇರಿಸಿ ಎಲೆ ಅಡಿ, ಮೊಗ್ಗಿನ ಸಂದಿ ಎಲ್ಲಾ ತೋಯೋ ಹಾಗೆ ವಾರಕ್ಕೊಂದ್ಸಲ ನಾಲ್ಕು ವಾರ ಹೊಡ್ದೆ, ಸಂಜೆನೇ ಹೊಡೀಬೇಕು, ಬಿಸಿಲಿಗೆ ಬೇವಿನ ಅಂಶ ಬೇಗ ಹಾಳಾಗತ್ತೆ, ಜೇನೂ ಆ ಹೊತ್ತಿಗೆ ಗೂಡು ಸೇರಿರತ್ತೆ. ಮೂರನೇ ವಾರಕ್ಕೆ ತಿಗಣೆ ಒಣಗಿ ಉದುರಿದ್ವು, ಸಾಲು ತೆಳ್ಳಗಾಯ್ತು, ಈಗ ಗಿಡದ ಮೇಲೆ ಒಂದು ಇರುವೆನೂ ಇಲ್ಲ. ಗೂಡು ಬೇಲಿ ಹತ್ರ ಇನ್ನೂ ಇದೆ, ಕುದಿಯೋ ನೀರು ಎರಡು ಸಲ ಹಾಕಿದೀನಿ, ಸಣ್ಣದಾಗಿದೆ.

ತಿಗಣೆಗೆ 5ಕ್ಕೆ 4 ಕೊಡ್ತೀನಿ, ಇರುವೆ ಗೂಡಿಗೆ 1. ವಾಸನೆ ವಿಪರೀತ, ಕೈಗೆ ಹತ್ತಿದ್ರೆ ಎಷ್ಟು ತೊಳೆದ್ರೂ ಊಟದ ಹೊತ್ತಿಗೂ ಇರತ್ತೆ, ಗ್ಲೌಸ್ ಹಾಕ್ಕೊಳ್ಳಿ. ಬಾಟ್ಲಿ ಮುಗಿದ್ರೆ ಮತ್ತೆ ತಗೋತೀನಿ, ದಾಸವಾಳಕ್ಕೆ.